ಕಂಪನಿ ಉಳಿಸಬೇಕಾದರೆ ಬೇಗ ಬನ್ನಿ: ದಿವಾಳಿ ಕಾನೂನಿನ ಬಗ್ಗೆ ಓದುಗರ ಪ್ರಶ್ನೆಗಳು

ದಿವಾಳಿ ಸಂಹಿತೆ, ಅಂದರೆ ಎಲ್ಲರೂ ಐಬಿಸಿ ಎನ್ನುವ 2016ರ ಕಾನೂನಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಪತ್ರಗಳು ಚೆನ್ನಾಗಿಯೇ ಬಂದಿವೆ. ಮಾಲೀಕರು, ಸಪ್ಲೈಯರ್‌ಗಳು, ಕೆಲಸಗಾರರು, ವಿದ್ಯಾರ್ಥಿಗಳು ಎಲ್ಲರೂ ಬರೆದಿದ್ದಾರೆ. ನಾನು ಮೊದಲು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವಳು. ಈಗ ಇನ್ಸಾಲ್ವೆನ್ಸಿ ಪ್ರೊಫೆಶನಲ್, ಅಂದರೆ ಸಂಕಷ್ಟದಲ್ಲಿರುವ ಕಂಪನಿಗಳ ಹೊಣೆ ಹೊರುವ ಕೆಲಸ. ಸಾಲ ಕೊಟ್ಟವರ ಮಾತೂ ಗೊತ್ತು, ಸಾಲ ಮಾಡಿದವರ ಸಂಕಟವೂ ಗೊತ್ತು. ಆ ಅನುಭವದಿಂದಲೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಯಂತ್ರದ ಬಿಡಿಭಾಗ ಮಾಡುತ್ತೇವೆ. ದೊಡ್ಡ ಗ್ರಾಹಕರು ಆರ್ಡರ್ ನಿಲ್ಲಿಸಿದ್ದರಿಂದ ಎರಡು ಕಂತು ಕಟ್ಟಲು ಆಗಿಲ್ಲ. ಹೊಸ ಆರ್ಡರ್ ಸಿಗುವ ಭರವಸೆ ಇದೆ. ಆದರೆ ಬ್ಯಾಂಕಿನವರು ಎನ್‌ಸಿಎಲ್‌ಟಿ (ಕಂಪನಿ ಪ್ರಕರಣಗಳ ನ್ಯಾಯಮಂಡಳಿ) ಮಾತು ಎತ್ತುತ್ತಿದ್ದಾರೆ. ಅಲ್ಲಿಗೆ ಹೋದರೆ ಕಂಪನಿ ನಮ್ಮ ಕೈತಪ್ಪಿ ಹೋಗುತ್ತದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಎರಡನೇ ಕಂತಿಗೇ ಬರೆದಿರಿ, ಅದು ನನಗೆ ತುಂಬ ಸಮಾಧಾನ ಕೊಟ್ಟಿತು. ಹೆಚ್ಚಿನವರು ಬರೆಯುವುದು ಬ್ಯಾಂಕು ಗೇಟಿಗೆ ನೋಟಿಸ್ ಅಂಟಿಸಿದ ಮೇಲೆ.

ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಅದಕ್ಕೆ ಮೊದಲು ಬ್ಯಾಂಕು ನಿಮ್ಮ ಖಾತೆಯನ್ನು ಎಸ್‌ಎಂಎ, ಅಂದರೆ ಕಣ್ಣಿಡಬೇಕಾದ ಖಾತೆ, ಎಂದು ಗುರುತು ಮಾಡುತ್ತದೆ. 30 ದಿನದವರೆಗೆ ಎಸ್‌ಎಂಎ-0, 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2. ನೀವು ಈಗ ಇರುವುದು ಇದರ ಮಧ್ಯದಲ್ಲಿ. ನಿಮ್ಮ ಕೈಯಲ್ಲಿ ಅತಿ ಹೆಚ್ಚು ದಾರಿಗಳಿರುವ ಹೊತ್ತು ಇದೇ.

ಮೊದಲ ದಾರಿಗೆ ಎನ್‌ಸಿಎಲ್‌ಟಿ ಬೇಕಾಗಿಯೇ ಇಲ್ಲ. 25 ಕೋಟಿ ರೂಪಾಯಿವರೆಗಿನ ಸಾಲವಿರುವ ಎಂಎಸ್‌ಎಂಇಗಳಿಗಾಗಿ, ಅಂದರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ, 2015ರಲ್ಲಿ ಕೇಂದ್ರ ಸರ್ಕಾರ ಒಂದು ಪುನಶ್ಚೇತನ ವ್ಯವಸ್ಥೆ ತಂದಿತು. ಮರುವರ್ಷ ರಿಸರ್ವ್ ಬ್ಯಾಂಕ್ ಅದನ್ನು ಬ್ಯಾಂಕುಗಳಿಗೆ ಅನ್ವಯ ಮಾಡಿತು. ಅದರ ಪ್ರಕಾರ ಬ್ಯಾಂಕಿನಲ್ಲಿ ಒಂದು ಸಮಿತಿ ಇರಬೇಕು. ಕಂತು ಮುಂದೂಡುವುದೋ, ಸಾಲವನ್ನು ಹೊಸದಾಗಿ ಹೊಂದಿಸುವುದೋ, ವಸೂಲಿಗೆ ಇಳಿಯುವುದೋ ಎಂದು ಆ ಸಮಿತಿ ನಿರ್ಧರಿಸಬೇಕು. ಬ್ಯಾಂಕು ಕರೆಯಲಿ ಎಂದು ಕಾಯಬೇಡಿ. ನೀವೇ ಅರ್ಜಿ ಕೊಡಬಹುದು. ಈ ವ್ಯವಸ್ಥೆಯನ್ನು ಬ್ಯಾಂಕುಗಳು ಪಾಲಿಸಲೇಬೇಕು ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ತಾನು ಎಂಎಸ್‌ಎಂಇ ಎಂದು ದಾಖಲೆ ಸಮೇತ ಬ್ಯಾಂಕಿಗೆ ಹೊತ್ತಿಗೆ ಸರಿಯಾಗಿ ತಿಳಿಸುವುದು ಉದ್ಯಮಿಯ ಜವಾಬ್ದಾರಿ. ಆದ್ದರಿಂದ ನಿಮ್ಮ ಉದ್ಯಮ್ ನೋಂದಣಿ (ಎಂಎಸ್‌ಎಂಇಗಳ ಸರ್ಕಾರಿ ನೋಂದಣಿ) ಸರಿಯಾಗಿದೆಯಾ ಎಂದು ಇವತ್ತೇ ನೋಡಿ. 2025ರ ಏಪ್ರಿಲ್‌ನಿಂದ 500 ಕೋಟಿವರೆಗಿನ ವಹಿವಾಟು ಮತ್ತು 125 ಕೋಟಿವರೆಗಿನ ಹೂಡಿಕೆ ಇರುವ ಕಂಪನಿಯೂ ಎಂಎಸ್‌ಎಂಇ ಪಟ್ಟಿಗೆ ಬರುತ್ತದೆ. ಎಷ್ಟೋ ಜನರಿಗೆ ತಾವು ಆ ಪಟ್ಟಿಯಲ್ಲಿದ್ದೇವೆ ಅನ್ನುವುದೇ ಗೊತ್ತಿಲ್ಲ.

ಎರಡನೆಯ ದಾರಿ ಪ್ರೀ-ಪ್ಯಾಕ್. 2021ರ ಏಪ್ರಿಲ್‌ನಲ್ಲಿ ಎಂಎಸ್‌ಎಂಇಗಳಿಗೆ ಮಾತ್ರ ಇದನ್ನು ಕಾನೂನಿಗೆ ಸೇರಿಸಿದರು. ಕನಿಷ್ಠ 10 ಲಕ್ಷ ರೂಪಾಯಿ ಬಾಕಿ ಇರಬೇಕು. ನಿಮ್ಮ ಷೇರುದಾರರು ವಿಶೇಷ ನಿರ್ಣಯ ಮಾಡಬೇಕು. ಮೌಲ್ಯದ ಲೆಕ್ಕದಲ್ಲಿ 66 ಶೇಕಡಾ ಸಾಲ ಕೊಟ್ಟ ಸಂಸ್ಥೆಗಳು ಒಪ್ಪಬೇಕು. ಕಂಪನಿಯನ್ನು ಹೇಗೆ ಉಳಿಸುತ್ತೀರಿ ಅನ್ನುವ ಯೋಜನೆಯನ್ನು ನೀವೇ ಬರೆದುಕೊಂಡು ಎನ್‌ಸಿಎಲ್‌ಟಿಗೆ ಹೋಗಬೇಕು. ಎಲ್ಲ 120 ದಿನದಲ್ಲಿ ಮುಗಿಯಬೇಕು. ಇಷ್ಟೂ ದಿನ ಕಂಪನಿ ನಡೆಸುವುದು ನೀವೇ. ನನ್ನಂಥವರು ಪಕ್ಕದಲ್ಲಿ ನಿಂತು ಲೆಕ್ಕ ನೋಡುತ್ತೇವೆ ಅಷ್ಟೇ.

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ಅಂಶ ಇದೆ. ನಿಮ್ಮ ಯೋಜನೆಯಲ್ಲಿ ಸಪ್ಲೈಯರ್‌ಗಳ ಬಾಕಿಗೆ ಕತ್ತರಿ ಹಾಕದೆ ಪೂರ್ತಿ ಕೊಡುತ್ತೀರಾದರೆ, ಸಾಲ ಕೊಟ್ಟವರು ಬೇರೆ ಯಾರಿಂದಲೂ ಪೈಪೋಟಿ ಯೋಜನೆ ಕರೆಯದೆ ನಿಮ್ಮದನ್ನೇ ಒಪ್ಪಬಹುದು. ಕತ್ತರಿ ಹಾಕಿದರೆ ಹೊರಗಿನವರಿಗೂ ಅವಕಾಶ ಕೊಡಲೇಬೇಕು. ಸಣ್ಣ ಸಪ್ಲೈಯರ್‌ಗಳನ್ನು ನಡುನೀರಿನಲ್ಲಿ ಬಿಡಬೇಡಿ ಎಂದು ಕಾನೂನು ಇಲ್ಲಿ ನೇರವಾಗಿಯೇ ಹೇಳುತ್ತಿದೆ. ಇಷ್ಟು ಒಳ್ಳೆಯ ದಾರಿ ಇದ್ದರೂ ಬಂದ ಅರ್ಜಿಗಳು ತೀರಾ ಕಡಿಮೆ. ಬ್ಯಾಂಕಿನ ಶಾಖೆಗಳಲ್ಲಿ ಪ್ರೀ-ಪ್ಯಾಕ್ ಎಂದರೆ ಏನು ಎಂದು ವಿವರಿಸಿ ಹೇಳುವವರು ಬೇಕು. ಇದನ್ನು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದೇನೆ.

ಇನ್ನು ನೀವು ಹೆದರುತ್ತಿರುವ ಮೂರನೆಯ ದಾರಿ, ಮಾಮೂಲಿ ದಿವಾಳಿ ಪ್ರಕ್ರಿಯೆ. ಬ್ಯಾಂಕು ಸೆಕ್ಷನ್ 7ರಲ್ಲಿ ಅರ್ಜಿ ಹಾಕಿ ಅದು ಅಡ್ಮಿಟ್ ಆದ, ಅಂದರೆ ಎನ್‌ಸಿಎಲ್‌ಟಿ ಅದನ್ನು ಒಪ್ಪಿದ, ದಿನವೇ ನಿಮ್ಮ ಬೋರ್ಡಿನ ಅಧಿಕಾರ ನಿಂತುಹೋಗುತ್ತದೆ. ಕಂಪನಿ ನಡೆಸಲು ನನ್ನಂಥ ರೆಸಲ್ಯೂಶನ್ ಪ್ರೊಫೆಶನಲ್, ಅಂದರೆ ಆರ್‌ಪಿ, ಬಂದು ಕೂರುತ್ತಾರೆ. ಆದರೂ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಎನ್‌ಪಿಎ ಆದ ಕಂಪನಿಯ ಮಾಲೀಕರು ಅದನ್ನು ಮತ್ತೆ ಕೊಳ್ಳದಂತೆ 2017ರಲ್ಲಿ ಸೆಕ್ಷನ್ 29ಎ ತಂದರು. ಮರುವರ್ಷ ಎಂಎಸ್‌ಎಂಇ ಮಾಲೀಕರಿಗೆ ಅದರಿಂದ ವಿನಾಯಿತಿ ಕೊಟ್ಟರು. ಉದ್ದೇಶಪೂರ್ವಕ ಸುಸ್ತಿದಾರ ಎಂಬ ಹಣೆಪಟ್ಟಿ ನಿಮಗೆ ಬೀಳದಿದ್ದರೆ ನೀವೂ ಯೋಜನೆ ಕೊಡಬಹುದು.

ಒಂದು ವಿಷಯ ಮಾತ್ರ ಮನೆಯವರ ಜೊತೆ ಕುಳಿತು ಮಾತಾಡಿ. ಸಾಲಕ್ಕೆ ನೀವು ವೈಯಕ್ತಿಕ ಗ್ಯಾರಂಟಿ ಕೊಟ್ಟಿದ್ದರೆ ಕಂಪನಿಗೆ ಸಿಗುವ ಮೊರಟೋರಿಯಂ, ಅಂದರೆ ವಸೂಲಿಗೆ ತಡೆ, ನಿಮಗೆ ಸಿಗುವುದಿಲ್ಲ. 2019ರ ಡಿಸೆಂಬರ್‌ನಿಂದ ಗ್ಯಾರಂಟಿ ಕೊಟ್ಟವರ ಮೇಲೂ ಐಬಿಸಿ ಕೆಳಗೆ ಅರ್ಜಿ ಹಾಕಬಹುದು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಬ್ಯಾಂಕಿನ ಜೊತೆ ಕುಳಿತಾಗ ಗ್ಯಾರಂಟಿಯ ಮಾತನ್ನೂ ಅದೇ ಮೇಜಿಗೆ ತನ್ನಿ, ಅದನ್ನು ಕೊನೆಗೆ ಉಳಿಸಬೇಡಿ.

ಪ್ರಶ್ನೆ: ನಮ್ಮಿಂದ ಪ್ಯಾಕಿಂಗ್ ಸಾಮಾನು ತಗೊಳ್ಳುತ್ತಿದ್ದ ಕಂಪನಿ ಎನ್‌ಸಿಎಲ್‌ಟಿಗೆ ಹೋಗಿದೆ. 38 ಲಕ್ಷ ಬಾಕಿ. ಈಗ ಆರ್‌ಪಿ ಫೋನ್ ಮಾಡಿ ಸಪ್ಲೈ ನಿಲ್ಲಿಸಬೇಡಿ ಅನ್ನುತ್ತಾರೆ. ಹಳೆಯದೇ ಬಂದಿಲ್ಲ, ಹೊಸದು ಯಾವ ಧೈರ್ಯದಲ್ಲಿ ಕೊಡಲಿ?
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಹಳೆಯ ಬಾಕಿಯನ್ನೂ ಹೊಸ ಸಪ್ಲೈಯನ್ನೂ ಬೇರೆ ಬೇರೆ ನೋಡಿ. ಕಾನೂನು ಎರಡನ್ನೂ ಬೇರೆ ಥರವೇ ನೋಡುತ್ತದೆ.

ಅಡ್ಮಿಟ್ ಆದ ಮೇಲೆ ನೀವು ಕೊಡುವ ಮಾಲಿನ ಹಣ ಪ್ರಕ್ರಿಯೆಯ ಖರ್ಚು ಎಂದು ಲೆಕ್ಕಕ್ಕೆ ಬರುತ್ತದೆ. ಬ್ಯಾಂಕಿನ ಸಾಲಕ್ಕಿಂತ ಮೊದಲು ಅದನ್ನು ತೀರಿಸಬೇಕು. ಆರ್‌ಪಿಯಿಂದ ಲಿಖಿತ ಆರ್ಡರ್ ತಗೊಳ್ಳಿ, ಪಾವತಿ ದಿನಾಂಕ ಬರೆಸಿಕೊಳ್ಳಿ, ಆಮೇಲೆ ಧೈರ್ಯವಾಗಿ ಕೊಡಿ. ಪ್ಯಾಕಿಂಗ್ ಡಬ್ಬಿ ಇಲ್ಲದೆ ಆ ಕಂಪನಿಯ ಮಾಲು ಹೊರಗೆ ಹೋಗುವುದಿಲ್ಲ. ಮಾಲು ಹೋಗದಿದ್ದರೆ ಕೊಳ್ಳುವವರು ಬರುವುದಿಲ್ಲ. ನಿಮ್ಮ ಹಳೆಯ ಬಾಕಿಗೂ ಸ್ವಲ್ಪ ಆಸೆ ಉಳಿಯುವುದು ಆ ಕಂಪನಿ ಓಡುತ್ತಿದ್ದರೆ ಮಾತ್ರ.

ಹಳೆಯ 38 ಲಕ್ಷಕ್ಕೆ ಕೂಡಲೇ ಫಾರ್ಮ್ ಬಿ ತುಂಬಿ, ಬಿಲ್ಲು, ಡೆಲಿವರಿ ಚಲನ್, ಲೆಡ್ಜರ್ ಜೊತೆ ಆರ್‌ಪಿಗೆ ಕಳಿಸಿ. ತಡ ಮಾಡಬೇಡಿ. ಎನ್‌ಸಿಎಲ್‌ಟಿ ಒಪ್ಪಿದ ಯೋಜನೆಯಲ್ಲಿ ಇಲ್ಲದ ಬಾಕಿ ಅಲ್ಲಿಗೇ ಅಳಿಸಿಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಎಷ್ಟು ಬರಬಹುದು? ನಿಮಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಸಾಲದಾತರ ಸಮಿತಿಯಲ್ಲಿ ನಿಮಗೆ ಮತ ಇಲ್ಲ. ಕಂಪನಿಯನ್ನು ಮುಚ್ಚಿ ಮಾರಿದ್ದರೆ ಎಷ್ಟು ಬರುತ್ತಿತ್ತೋ ಕನಿಷ್ಠ ಅಷ್ಟಾದರೂ ನಿಮಗೆ ಕೊಡಬೇಕು ಎನ್ನುತ್ತದೆ ಕಾನೂನು. ಆದರೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ತಮ್ಮ ಪಾಲು ತಗೊಂಡ ಮೇಲೆ ಆ ಲೆಕ್ಕ ಎಷ್ಟೋ ಸಲ ಸೊನ್ನೆಗೆ ಬಂದು ನಿಲ್ಲುತ್ತದೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ ಕೆಲವು ಬಗೆಯ ಅಡಮಾನದ ಆಸ್ತಿ ಮಾರಿದಾಗ ಅಡಮಾನವಿಲ್ಲದ ಸಾಲದಾತರಿಗೆಂದೇ ಒಂದು ಪಾಲು ತೆಗೆದಿಡುತ್ತಾರೆ, ಗರಿಷ್ಠ 8 ಲಕ್ಷ ಪೌಂಡ್‌ವರೆಗೆ. ನಮ್ಮಲ್ಲೂ ಸಣ್ಣ ಸಪ್ಲೈಯರ್‌ಗಳಿಗೆ ಅಂಥದೊಂದು ಪಾಲು ಇರಬೇಕು. ಒಂದು ಕಂಪನಿಯನ್ನು ಉಳಿಸಲು ಹೋಗಿ ಅದರ ಸುತ್ತಲಿನ ಹತ್ತು ಸಣ್ಣ ಘಟಕಗಳನ್ನು ಮುಳುಗಿಸಿದರೆ ಉಳಿಸಿದ್ದೇನು?

ಮುಂದಿನ ವ್ಯಾಪಾರಕ್ಕೆ ಒಂದು ಮಾತು. ನೀವು ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿ ನೋಂದಣಿ ಮಾಡಿಸಿದ್ದರೆ ಖರೀದಿದಾರರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಬಾಕಿಗಳಿಗೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಗ್ರಾಹಕ ಇನ್ನೂ ಎನ್‌ಸಿಎಲ್‌ಟಿಗೆ ಹೋಗಿಲ್ಲ ಅಂದಾಗಲೇ ಇದನ್ನು ಬಳಸಿ. 2020ರ ಮಾರ್ಚ್‌ನಿಂದ ಒಂದು ಕೋಟಿಗಿಂತ ಕಡಿಮೆ ಬಾಕಿಗೆ ನೀವು ಐಬಿಸಿ ಅರ್ಜಿ ಹಾಕುವಂತಿಲ್ಲ. ಮೊದಲು ಆ ಮಿತಿ ಒಂದೇ ಲಕ್ಷ ಇತ್ತು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಬ್ಯಾಂಕುಗಳಿಗೆ ನೂರಕ್ಕೆ ಮೂವತ್ತು ರೂಪಾಯಿಯಷ್ಟೇ ವಾಪಸ್ ಬರುತ್ತಿದೆ, ಐಬಿಸಿ ಸೋತಿದೆ ಎಂದು ಓದಿದೆ. ನಿಜವೇ? ಹೊಸ ತಿದ್ದುಪಡಿ ಮಸೂದೆ ಇದನ್ನು ಸರಿಪಡಿಸುತ್ತದೆಯೇ?
– ಓದುಗರು, ಧಾರವಾಡ

ಉತ್ತರ: 2025ರ ಮಾರ್ಚ್‌ವರೆಗಿನ ಸರ್ಕಾರಿ ಲೆಕ್ಕದಲ್ಲಿ, ಯೋಜನೆ ಒಪ್ಪಿಗೆಯಾದ ಸುಮಾರು 1,200 ಕಂಪನಿಗಳಿಂದ ಸಾಲ ಕೊಟ್ಟವರಿಗೆ ಸಿಕ್ಕಿದ್ದು ಅವರು ಕೇಳಿದ ಮೊತ್ತದ ಶೇಕಡಾ 33ರಷ್ಟು. ನೀವು ಓದಿದ್ದು ಸರಿಯೇ. ಆದರೆ ಅದೇ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು. ಆ ಕಂಪನಿಗಳನ್ನು ಮುಚ್ಚಿ ಮಾರಿದ್ದರೆ ಬರುತ್ತಿದ್ದ ಹಣಕ್ಕೆ ಹೋಲಿಸಿದರೆ ಅದು ಶೇಕಡಾ 170. ಅಂದರೆ ಕಾನೂನು ಮೌಲ್ಯವನ್ನು ಸೇರಿಸುತ್ತಿದೆ. ಆದರೆ ಕಂಪನಿ ಕಾನೂನಿನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಉಳಿದಿರುವ ಮೌಲ್ಯವೇ ಬಹಳ ಕಡಿಮೆ. ಮುಚ್ಚಿಹೋದ ಕಂಪನಿಗಳು ಉಳಿದ ಕಂಪನಿಗಳ ಎರಡು ಪಟ್ಟಿಗಿಂತ ಜಾಸ್ತಿ ಇರುವುದಕ್ಕೂ ಇದೇ ಕಾರಣ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಫೌಂಡ್ರಿಯ ಹೊಣೆ ನನಗೆ ಬಂದಾಗ ಅರ್ಜಿ ಹಾಕಿ ಒಂದು ವರ್ಷದ ಮೇಲಾಗಿತ್ತು. ಫರ್ನೇಸ್ ತಣ್ಣಗಿತ್ತು. ಕರೆಂಟ್ ಕಟ್ ಆಗಿತ್ತು. ಟೂಲ್ ರೂಮಿನ ಒಳ್ಳೆಯ ಕೆಲಸಗಾರರು ಹೊಸೂರಿಗೆ ಹೋಗಿ ಸೇರಿಕೊಂಡಿದ್ದರು. ಗ್ರಾಹಕರು ತಮ್ಮ ಪ್ಯಾಟರ್ನ್‌ಗಳನ್ನು ವಾಪಸ್ ಒಯ್ದಿದ್ದರು. ನೋಡಲು ಬಂದ ಕೊಳ್ಳುವವರು ಕೇಳಿದ್ದು ಒಂದೇ: ಜಾಗ ಎಷ್ಟು ಗುಂಟೆ, ಕಬ್ಬಿಣ ಎಷ್ಟು ಟನ್? ಅದೇ ಘಟಕ ಓಡುತ್ತಿದ್ದಾಗ ಬಂದಿದ್ದರೆ ಅವರು ಆರ್ಡರ್ ಬುಕ್ ಕೇಳುತ್ತಿದ್ದರು.

ದೊಡ್ಡ ಪ್ರಕರಣಗಳಲ್ಲೂ ಇದೇ ಕಾಣುತ್ತದೆ. ಎಸ್ಸಾರ್ ಸ್ಟೀಲ್ ಪ್ರಕರಣ 2017ರಿಂದ 2019ರ ಕೊನೆಯವರೆಗೆ ಎಳೆಯಿತು. ಆದರೆ ಹಜೀರಾದ ಕಾರ್ಖಾನೆ ಅಷ್ಟೂ ದಿನ ಉಕ್ಕು ಮಾಡುತ್ತಲೇ ಇತ್ತು. ಆರ್ಸೆಲರ್‌ಮಿತ್ತಲ್ 42,000 ಕೋಟಿ ಕೊಟ್ಟು ಕೊಂಡಿತು. ಜೆಟ್ ಏರ್‌ವೇಸ್ ವಿಮಾನಗಳು 2019ರ ಏಪ್ರಿಲ್‌ನಲ್ಲೇ ನಿಂತವು, ಪ್ರಕ್ರಿಯೆ ಶುರುವಾಗಿದ್ದು ಜೂನ್‌ನಲ್ಲಿ. ಆಮೇಲೆ ಯೋಜನೆ ಒಪ್ಪಿಗೆಯಾದರೂ ಒಂದು ವಿಮಾನವೂ ಮತ್ತೆ ವ್ಯಾಪಾರಕ್ಕೆ ಹಾರಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಲಿಕ್ವಿಡೇಶನ್‌ಗೆ, ಅಂದರೆ ಮುಚ್ಚಿ ಮಾರಲು, ಆದೇಶ ಕೊಟ್ಟಿತು.

ಹಿಂದೆ ಏನಿತ್ತು ಎಂದು ನೀವು ಪರೀಕ್ಷೆಗೂ ಓದಿರುತ್ತೀರಿ. 1985ರ ರೋಗಗ್ರಸ್ತ ಕೈಗಾರಿಕೆಗಳ ಕಾನೂನಿನಲ್ಲಿ ಕಂಪನಿಯ ಸ್ವಂತ ಬಂಡವಾಳ ಪೂರ್ತಿ ಕರಗಿದ ಮೇಲೆಯೇ ಬಿಐಎಫ್‌ಆರ್ ಎಂಬ ಪುನಶ್ಚೇತನ ಮಂಡಳಿಯ ಬಾಗಿಲು ತೆರೆಯುತ್ತಿತ್ತು. ಒಳಗೆ ಹೋದರೆ ವಸೂಲಿಗೆ ತಡೆ ಸಿಗುತ್ತಿತ್ತು. ಮಾಲೀಕರು ಕುರ್ಚಿಯಲ್ಲೇ ಇರುತ್ತಿದ್ದರು. ವರ್ಷಗಟ್ಟಲೆ ಹಾಗೇ ಕಳೆಯುತ್ತಿತ್ತು. ಐಬಿಸಿ ಅದನ್ನು ತಿರುಗಿಸಿ ಹಾಕಿತು: ಮಾಲೀಕರು ಮೊದಲ ದಿನವೇ ಹೊರಗೆ. ಸಾಲ ಕಟ್ಟುವ ಶಿಸ್ತು ಇದರಿಂದ ಖಂಡಿತ ಬಂದಿದೆ, ಬ್ಯಾಂಕಿನಲ್ಲಿ ಕುಳಿತಿದ್ದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಕುರ್ಚಿ ಹೋಗುತ್ತದೆ ಎಂಬ ಭಯಕ್ಕೆ ಪ್ರಾಮಾಣಿಕ ಮಾಲೀಕರೂ ಕಷ್ಟವನ್ನು ಮುಚ್ಚಿಡುತ್ತಾರೆ. ಕಂಪನಿ ಸ್ವತಃ ಅರ್ಜಿ ಹಾಕಲು ಸೆಕ್ಷನ್ 10 ಇದೆ, ಆದರೆ ಬಳಸುವವರು ಕಡಿಮೆ. ಹೆದರಿಸಿದರೆ ಯಾರೂ ಬೇಗ ಬರುವುದಿಲ್ಲ. ತಿದ್ದುಪಡಿ ಮೊದಲು ಮುಟ್ಟಬೇಕಾದ ಜಾಗ ಇದೇ.

2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿ ಸೆಲೆಕ್ಟ್ ಕಮಿಟಿಗೆ ಕಳಿಸಿದ ಮಸೂದೆಯಲ್ಲಿ ನನಗೆ ಎರಡು ವಿಷಯ ಮುಖ್ಯ ಅನ್ನಿಸಿದವು. ಒಂದು, ಅಡ್ಮಿಷನ್. ಬ್ಯಾಂಕಿನ ಅರ್ಜಿಯನ್ನು ಎನ್‌ಸಿಎಲ್‌ಟಿ 14 ದಿನದಲ್ಲಿ ತೀರ್ಮಾನಿಸಬೇಕು ಎಂದು ಕಾನೂನು ಮೊದಲಿನಿಂದಲೂ ಹೇಳುತ್ತಿದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತಿದೆ. ಬಾಕಿ ಸಾಬೀತಾದರೆ ಅರ್ಜಿ ಒಪ್ಪಲೇಬೇಕು, ತಡವಾದರೆ ಕಾರಣ ಬರೆದಿಡಬೇಕು ಎನ್ನುತ್ತದೆ ಮಸೂದೆ. ಒಳ್ಳೆಯದೇ. ಆದರೆ ಪೀಠಗಳಲ್ಲಿ ಸಾಕಷ್ಟು ಸದಸ್ಯರಿಲ್ಲದಿದ್ದರೆ ಕಾರಣ ಬರೆಯುವ ಕೆಲಸವೊಂದು ಜಾಸ್ತಿ ಆಗುತ್ತದೆ, ಅಷ್ಟೇ. ಸದಸ್ಯರ ನೇಮಕವೂ ಇದರ ಜೊತೆಗೇ ಆಗಬೇಕು.

ಎರಡನೆಯದು ಇನ್ನೂ ದೊಡ್ಡದು. ಸಾಲದಾತರೇ ಕೋರ್ಟಿನ ಹೊರಗೆ ಶುರು ಮಾಡುವ ಹೊಸ ಪ್ರಕ್ರಿಯೆ. ಸಾಲದ ಶೇಕಡಾ 51 ಹೊಂದಿರುವವರು ಒಪ್ಪಬೇಕು, ಕಂಪನಿಗೆ 30 ದಿನದ ನೋಟಿಸ್ ಕೊಟ್ಟು ಅದರ ಮಾತು ಕೇಳಬೇಕು, 150 ದಿನದಲ್ಲಿ ಮುಗಿಸಬೇಕು. ಈ ಅವಧಿಯಲ್ಲಿ ಕಂಪನಿ ಹಳೆಯ ಆಡಳಿತದ ಕೈಯಲ್ಲೇ ಇರುತ್ತದೆ, ಆರ್‌ಪಿ ಮೇಲ್ವಿಚಾರಣೆ ಮಾಡುತ್ತಾರೆ. 1985ಕ್ಕೂ 2016ಕ್ಕೂ ನಡುವಿನ ದಾರಿ ಇದು. ನಾನು ಇದನ್ನು ಮನಸಾರೆ ಬೆಂಬಲಿಸುತ್ತೇನೆ. ನನ್ನ ಆಕ್ಷೇಪ ಒಂದೇ: ಕೀಲಿಕೈ ಸಾಲದಾತರ ಹತ್ತಿರ ಮಾತ್ರ ಇದೆ. ಎಂಎಸ್‌ಎಂಇ ಮಿತಿಗಿಂತ ದೊಡ್ಡದಾದ ಪ್ರಾಮಾಣಿಕ ಕಂಪನಿಯೊಂದು, ನನಗೆ ಕಷ್ಟ ಬಂದಿದೆ, ಆಡಳಿತ ನನ್ನಲ್ಲಿರಲಿ, ಮೇಲ್ವಿಚಾರಕರನ್ನು ಹಾಕಿ ಎಂದು ತಾನೇ ಕೇಳಿಕೊಳ್ಳಲು ಬಾಗಿಲಿಲ್ಲ. ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 11ರಲ್ಲಿ ಆ ಬಾಗಿಲು ದಶಕಗಳಿಂದ ಇದೆ. ವಂಚನೆ ಕಂಡರೆ ಅಲ್ಲೂ ಟ್ರಸ್ಟಿಯನ್ನು ಕೂರಿಸುತ್ತಾರೆ. ನಮ್ಮಲ್ಲೂ ಅಷ್ಟು ನಂಬಿಕೆ, ಅಷ್ಟು ಕಾವಲು ಎರಡೂ ಸಾಧ್ಯ.

ಇನ್ನೊಂದು ಚಿಂತೆ ತೀರ್ಪುಗಳದ್ದು. ಒಡಿಶಾದ ಭೂಷಣ್ ಪವರ್ ಅಂಡ್ ಸ್ಟೀಲ್ ಅನ್ನು ನಮ್ಮ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್ 2021ರಲ್ಲಿ ಹಣ ಕಟ್ಟಿ ಕೊಂಡಿತು. ನಾಲ್ಕು ವರ್ಷದ ಮೇಲೆ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆಯನ್ನೇ ರದ್ದು ಮಾಡಿ ಲಿಕ್ವಿಡೇಶನ್‌ಗೆ ಹೇಳಿತು. ಜುಲೈ ಕೊನೆಯಲ್ಲಿ ಆ ತೀರ್ಪನ್ನು ಹಿಂತೆಗೆದುಕೊಂಡಿತು, ಸೆಪ್ಟೆಂಬರ್‌ನಲ್ಲಿ ಯೋಜನೆಯನ್ನು ಎತ್ತಿ ಹಿಡಿಯಿತು. ಕೊನೆಗೆ ಒಳ್ಳೆಯದೇ ಆಯಿತು. ಆದರೆ ಆ ಕೆಲವು ತಿಂಗಳು ನನ್ನ ಬಳಿ ಬಂದ ಕೊಳ್ಳುವವರೆಲ್ಲ ಕೇಳಿದ್ದು, ದುಡ್ಡು ಹಾಕಿದ ಮೇಲೂ ಹೀಗಾದರೆ? ಆ ಅನುಮಾನಕ್ಕೂ ಒಂದು ಬೆಲೆ ಇರುತ್ತದೆ, ಅದನ್ನು ಅವರು ತಮ್ಮ ಆಫರ್‌ನಲ್ಲಿ ಕಳೆಯುತ್ತಾರೆ.

ಪ್ರಶ್ನೆ: ಬೈಜೂಸ್ ಕಂಪನಿ ಬಿಸಿಸಿಐ ಬಾಕಿ ತೀರಿಸಲು ಒಪ್ಪಿತ್ತು. ಆದರೂ ಕೇಸು ಮುಗಿಯಲಿಲ್ಲ ಯಾಕೆ?
– ಓದುಗರು, ಶಿವಮೊಗ್ಗ

ಉತ್ತರ: 2024ರ ಜುಲೈ 16ರಂದು ಬೆಂಗಳೂರಿನ ಎನ್‌ಸಿಎಲ್‌ಟಿ ಸುಮಾರು 158 ಕೋಟಿಯ ಬಾಕಿಗೆ ಬಿಸಿಸಿಐ ಅರ್ಜಿಯನ್ನು ಒಪ್ಪಿತು. ಆಗಸ್ಟ್‌ನಲ್ಲಿ ಚೆನ್ನೈನ ಮೇಲ್ಮನವಿ ಪೀಠ ರಾಜಿಗೆ ಒಪ್ಪಿ ಕೇಸು ಮುಗಿಸಿತು. ಅಮೆರಿಕದ ಸಾಲದಾತರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಒಮ್ಮೆ ಅಡ್ಮಿಟ್ ಆದರೆ ಅದು ಇಬ್ಬರ ಜಗಳವಾಗಿ ಉಳಿಯುವುದಿಲ್ಲ, ಎಲ್ಲ ಸಾಲದಾತರ ವಿಷಯವಾಗುತ್ತದೆ. ಹಿಂತೆಗೆದುಕೊಳ್ಳಲು ಕಾನೂನಿನಲ್ಲೇ ಕ್ರಮ ಇದೆ, ಅದನ್ನು ದಾಟಿ ಹೋಗುವಂತಿಲ್ಲ ಎಂದು ಕೋರ್ಟು ಅಕ್ಟೋಬರ್ 23ರಂದು ಹೇಳಿತು. ಸಾಲದಾತರ ಸಮಿತಿ ರಚನೆಯಾದ ಮೇಲಾದರೆ ಶೇಕಡಾ 90 ಮತ ಬೇಕು. ರಾಜಿ ಮಾಡಿಕೊಳ್ಳುವುದಿದ್ದರೆ ಅಡ್ಮಿಟ್ ಆಗುವ ಮೊದಲೇ ಮಾಡಿಕೊಳ್ಳಿ ಎಂದು ನಾವು ಹೇಳುವುದು ಇದಕ್ಕೇ.

ಪ್ರಶ್ನೆ: ನಮ್ಮ ಫ್ಯಾಕ್ಟರಿ ದಿವಾಳಿ ಪ್ರಕ್ರಿಯೆಗೆ ಹೋಗಿದೆ. ಐದು ತಿಂಗಳ ಸಂಬಳ ಬಾಕಿ. ಪಿಎಫ್ ಕಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ. ಏನು ಮಾಡಲಿ?
– ಕಾರ್ಮಿಕ, ದಾವಣಗೆರೆ

ಉತ್ತರ: ವಕೀಲರು ಬೇಕಿಲ್ಲ. ಕ್ಲೇಮ್ ಹಾಕಲು ಶುಲ್ಕವೂ ಇಲ್ಲ. ಫಾರ್ಮ್ ಡಿ ತುಂಬಿ, ಸಂಬಳದ ಚೀಟಿ, ಐಡಿ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟು ಆರ್‌ಪಿಗೆ ಕಳಿಸಿ. ನೀವೆಲ್ಲ ಸೇರಿ ಒಬ್ಬರನ್ನು ಪ್ರತಿನಿಧಿ ಮಾಡಿಕೊಂಡರೆ ಅವರು ಫಾರ್ಮ್ ಇ ಮೂಲಕ ಎಲ್ಲರ ಪರವಾಗಿ ಒಟ್ಟಿಗೇ ಹಾಕಬಹುದು. ಆರ್‌ಪಿ ಹೆಸರು, ಇಮೇಲ್ ಪತ್ರಿಕೆಯಲ್ಲಿ ಬಂದ ಸಾರ್ವಜನಿಕ ಪ್ರಕಟಣೆಯಲ್ಲಿ ಇರುತ್ತದೆ. ದಿವಾಳಿ ಪ್ರಕ್ರಿಯೆ ನೋಡಿಕೊಳ್ಳುವ ಸರ್ಕಾರಿ ಮಂಡಳಿ ಐಬಿಬಿಐನ ವೆಬ್‌ಸೈಟ್‌ನಲ್ಲೂ ಸಿಗುತ್ತದೆ.

ಕಂಪನಿ ಕೊನೆಗೆ ಮುಚ್ಚಿದರೂ, ಅದಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಅಡಮಾನದ ಬ್ಯಾಂಕುಗಳ ಸಮಾನ ಸ್ಥಾನ ಇದೆ. ಪಿಎಫ್ ಮತ್ತು ಗ್ರಾಚ್ಯುಟಿ ನಿಧಿ ಸಾಲದಾತರಿಗೆ ಹಂಚುವ ಆಸ್ತಿಯಲ್ಲೇ ಸೇರುವುದಿಲ್ಲ. ಜೆಟ್ ಪ್ರಕರಣದಲ್ಲಿ ಇವೆರಡನ್ನೂ ಪೂರ್ತಿ ಕೊಡಬೇಕು ಎಂದು 2022ರಲ್ಲಿ ಮೇಲ್ಮನವಿ ಮಂಡಳಿ ಹೇಳಿತು. ಮರುವರ್ಷ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ.

ನಿಮ್ಮ ಯುಎಎನ್ ಹಾಕಿ ಇಪಿಎಫ್ ಪಾಸ್‌ಬುಕ್ ನೋಡಿ. ಯಾವ ತಿಂಗಳಿಂದ ಹಣ ಬಂದಿಲ್ಲವೋ ಬರೆದಿಟ್ಟುಕೊಂಡು ಪಿಎಫ್ ಕಚೇರಿಗೆ ದೂರು ಕೊಡಿ, ಆ ದೂರಿನ ಪ್ರತಿಯನ್ನು ಆರ್‌ಪಿಗೂ ಕಳಿಸಿ. ಫ್ಯಾಕ್ಟರಿ ಈಗಲೂ ಓಡುತ್ತಿದ್ದರೆ ಕೆಲಸಕ್ಕೆ ಹೋಗುವುದನ್ನು ಬಿಡಬೇಡಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ. ಪ್ರಕ್ರಿಯೆ ನಡೆಯುವಾಗ ಕೆಲಸ ಮಾಡಿದವರ ಸಂಬಳ ಎಲ್ಲರಿಗಿಂತ ಮೊದಲು ತೀರಿಸುವ ಖರ್ಚಿನಲ್ಲಿ ಬರುತ್ತದೆ. ಅದಕ್ಕೆ ಆ ಸಹಿಯೇ ಸಾಕ್ಷಿ.